ಕಳೆ ಯಂತ್ರದ ಕಣ್ಣು ಬಿಚ್ಚಲು ಹೋದ ಮೂರು ದಿನ

ಧಾರವಾಡದಿಂದ ಹೊರಟ ಬಸ್ಸು ಬೆಳಗಿನ ಆರೂವರೆಗೆ ಕಲಬುರಗಿ ಮುಟ್ಟಿತು. ಜುಲೈ ತಿಂಗಳ ಕೊನೆಯ ವಾರ, ಜಿಟಿಜಿಟಿ ಮಳೆ ಹಿಡಿದಿತ್ತು. ನಿಲ್ದಾಣದಲ್ಲೇ ಮುಖ ತೊಳೆದು, ಉಪ್ಪಿಟ್ಟು ತಿಂದು, ಚಹಾ ಕುಡಿದು ಚಿಂಚೋಳಿ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟರು. ಬೆನ್ನಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ಕ್ರೂಡ್ರೈವರ್ ಸೆಟ್ಟು, ಹಳೆಯ ಮೂರು ಟವೆಲ್ ಇದ್ದವು. ಟವೆಲ್ಲು ನನಗಲ್ಲ, ತರಬೇಕಾಗಿದ್ದ ಮೂರು ಕ್ಯಾಮೆರಾ ಡಬ್ಬಿಗಳನ್ನು ಸುತ್ತಿಡಲು.

ಎರಡು ವರ್ಷ ನಾನು ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡಿದೆ. ಹೊಲದ ಕಳೆಯನ್ನು ತಾನೇ ತೆಗೆಯುವ ಯಂತ್ರವನ್ನು ಅಲ್ಲಿ ತಯಾರಿಸುತ್ತಿದ್ದರು. ಮಂಚದಷ್ಟು ಅಗಲದ ನಾಲ್ಕು ಗಾಲಿಯ ಚೌಕಟ್ಟು ಬ್ಯಾಟರಿಯ ಬಲದಿಂದ ಬೆಳೆಯ ಸಾಲನ್ನು ಕಾಲ ನಡುವೆ ಇಟ್ಟುಕೊಂಡು ನಡೆಯುತ್ತಿತ್ತು. ಹೊಟ್ಟೆಯ ಕೆಳಗಿನ ಕ್ಯಾಮೆರಾ ಪ್ರತಿ ಗಿಡವನ್ನೂ ನೋಡಿ ಬೆಳೆಯೋ ಕಳೆಯೋ ಎಂದು ತೀರ್ಮಾನಿಸುತ್ತಿತ್ತು. ಕಳೆಯಾದರೆ ಎರಡು ಪುಟ್ಟ ಅಲಗುಗಳು ಬಂದು ಬುಡಕ್ಕೇ ಕತ್ತರಿಸುತ್ತಿದ್ದವು. ಅದರ ನಡಿಗೆ ನೋಡಿ ಹಳ್ಳಿಯ ಹೆಂಗಸರು ಅದಕ್ಕೆ ಏಡಿ ಎಂದು ಹೆಸರಿಟ್ಟಿದ್ದರು. ಅದಕ್ಕೆ ಗಿಡಗಳನ್ನು ಕಲಿಸುವುದು ನನ್ನ ಕೆಲಸ. ಅಂದರೆ ಸಾವಿರಾರು ಫೋಟೊ ತೆಗೆದು, ಒಂದೊಂದು ಗಿಡಕ್ಕೂ ಹೆಸರು ಬರೆಯುವುದು. ಅದಕ್ಕೂ ಮುಂಚೆ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ.

ಈ ವರ್ಷ ಯುಗಾದಿಯ ಹೊತ್ತಿಗೆ ಕಂಪನಿ ಮುಚ್ಚಿತು. ಅದನ್ನು ಕಟ್ಟಿದ ಸುಹಾಸ್ ನಾಲ್ಕು ತಿಂಗಳ ಮೇಲೆ ಫೋನ್ ಮಾಡಿ, "ಮೇಡಂ, ಕಲಬುರಗಿ ಕಡೆ ಮೂರು ಮಷೀನ್ ಉಳಿದಿವೆ. ಕ್ಯಾಮೆರಾ ಡಬ್ಬಿ ಮಾತ್ರ ಬಿಚ್ಚಿ ತಂದುಕೊಡ್ತೀರಾ? ಉಳಿದದ್ದು ಅವರಿಗೇ ಇರಲಿ" ಎಂದ. ಬೇರೆ ಯಾರಾದರೂ ಹೋಗಬಹುದಿತ್ತು. ನಾನು ಒಪ್ಪಿಕೊಂಡದ್ದು ಶರಣಮ್ಮನವರಿಗಾಗಿ. ಗುಂಡಗುರ್ತಿಯ ಆಚೆಯ ಒಂದು ಹಳ್ಳಿಯವರು ಅವರು, ಕಳೆ ತೆಗೆಯುವ ಹದಿನಾಲ್ಕು ಹೆಂಗಸರ ಗುಂಪಿನ ಮುಂದಾಳು. ಹೋದ ವರ್ಷ ಅವರಿಗೆ ನಾನೊಂದು ಸುಳ್ಳು ಹೇಳಿದ್ದೆ. ಅದು ಸುಳ್ಳೆಂದು ಎದುರು ನಿಂತು ಹೇಳಬೇಕಿತ್ತು.

ಚಿಂಚೋಳಿ ಮುಟ್ಟುವಾಗ ಹತ್ತೂವರೆ. ಈ ಕಡೆ ನೆಲ ಕೆಂಪು, ದೂರದಲ್ಲಿ ಕುರುಚಲು ಕಾಡಿನ ಗುಡ್ಡಗಳು. ಮೊದಲ ಯಂತ್ರ ಇದ್ದದ್ದು ಊರಾಚೆ ನಾಲ್ಕು ಕಿಲೋಮೀಟರಿನಲ್ಲಿ, ಖಾಜಾಸಾಬರ ಹೊಲದಲ್ಲಿ. ಆಟೋದಿಂದ ಇಳಿಯುವಷ್ಟರಲ್ಲಿ ಅವರು ಛತ್ರಿ ಹಿಡಿದು ದಾರಿಗೇ ಬಂದಿದ್ದರು. ಅರವತ್ತು ದಾಟಿದ ಮನುಷ್ಯ, ಎರಡೂ ಮೊಣಕಾಲು ಹೋಗಿವೆ.

"ಬರ್ರಿ ಮೇಡಮ್ಮೋರ, ಮೊದಲು ಕುಂದ್ರಿ, ಚಹಾ ಕುಡೀರಿ. ಅದೇನು ಓಡಿ ಹೋಗಂಗಿಲ್ಲ" ಎಂದರು.

ದನದ ಕೊಟ್ಟಿಗೆಯ ಪಕ್ಕದಲ್ಲಿ ತಾಡಪಾಲು ಹೊದಿಸಿ ಯಂತ್ರವನ್ನು ನಿಲ್ಲಿಸಿದ್ದರು. ತಾಡಪಾಲು ಸರಿಸಿದರೆ ಒಂದಿಷ್ಟೂ ಧೂಳಿಲ್ಲ. ಗಾಲಿಗಳಿಗೆ ಎಣ್ಣೆ ಹಚ್ಚಿದ್ದರು. ಈ ಗರಸು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಏಡಿ ಇಲ್ಲಿ ಚೆನ್ನಾಗಿಯೇ ಓಡಿತ್ತು. ಖಾಜಾಸಾಬರು ಕೋಲು ಊರಿಕೊಂಡು ಅದರ ಹಿಂದೆ ಹಿಂದೆ ನಡೆಯುತ್ತಿದ್ದರಂತೆ.

"ನನಗ ಬಗ್ಗಲಿಕ್ಕ ಆಗಂಗಿಲ್ಲರಿ. ಮನೆಯಾಕಿಗೆ ಕಣ್ಣು ಮಂಜು. ಇದು ಬಂದ ಮ್ಯಾಲ ನಮ್ಮ ಹೊಲ ನಾವೇ ಮಾಡಾಕತ್ತೀವಿ ಅನಿಸಿತ್ತು."

ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಹೊರಗೆಳೆಯುವವರೆಗೂ ಅವರು ನನ್ನ ತಲೆಯ ಮೇಲೆ ಛತ್ರಿ ಹಿಡಿದೇ ನಿಂತರು. ಊಟದ ಡಬ್ಬಿಯಷ್ಟು ದೊಡ್ಡದು ಅದು. ಯಂತ್ರ ಕಲಿತದ್ದೆಲ್ಲ ಅದರಲ್ಲೇ ಇತ್ತು.

"ಇದು ಎಲ್ಲಿಗೆ ಹೋಗ್ತದರಿ?" ಎಂದು ಕೇಳಿದರು.

"ಯಾರೋ ಕೊಂಡುಕೊಂಡಿದ್ದಾರಂತೆ. ಯಾರು ಅಂತ ನನಗೂ ಗೊತ್ತಿಲ್ಲ."

"ನಮ್ಮ ಹೊಲದಾಗ ಕಲ್ತದ್ದು ನಮಗ ಇಲ್ಲದಂಗಾತು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹೋಗುವಾಗ ತೊಗರಿಬೇಳೆಯ ಗಂಟೊಂದನ್ನು ಚೀಲಕ್ಕೆ ತುರುಕಿದರು. ಬೇಡವೆಂದರೆ ಕೇಳಲಿಲ್ಲ. ತಿರುಗಿ ನೋಡಿದಾಗ ಅವರು ಆ ಖಾಲಿ ಚೌಕಟ್ಟಿಗೆ ಮತ್ತೆ ತಾಡಪಾಲು ಹೊದಿಸುತ್ತಿದ್ದರು.

ಸಂಜೆಯ ಬಸ್ಸಿಗೆ ಸೇಡಂಗೆ ಬಂದೆ. ದಾರಿಯುದ್ದಕ್ಕೂ ನೆಲ ಕೆಂಪಿನಿಂದ ಕಪ್ಪಿಗೆ ತಿರುಗಿತು. ಬಸ್ಸಿನಲ್ಲಿ ಅರ್ಧ ಮಂದಿ ತೆಲುಗು ಬೆರೆಸಿ ಮಾತಾಡುತ್ತಿದ್ದರು. ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ನಾನೂರು ರೂಪಾಯಿಗೆ ಒಂದು ಕೋಣೆ ಸಿಕ್ಕಿತು. ಹಾಸಿಗೆ ತೇವವಾಗಿತ್ತು, ಆದರೂ ನಿದ್ದೆ ಬಂತು.

ಮರುದಿನ ಎಂಟಕ್ಕೆ ಮಲ್ಲಣಗೌಡರು ಜೀಪು ತಂದರು. ಮಳಖೇಡದ ದಾರಿಯಲ್ಲಿ ಅವರದು ದೊಡ್ಡ ಹಿಡುವಳಿ, ಬಹುತೇಕ ತೊಗರಿ. ಪ್ರತಿ ವರ್ಷ ಶರಣಮ್ಮನವರ ಗುಂಪೇ ಟಂಟಂ ಆಟೋದಲ್ಲಿ ಬಂದು ಅವರ ಹೊಲದ ಕಳೆ ತೆಗೆಯುತ್ತಿತ್ತು. ಇಲ್ಲಿಯ ಯಂತ್ರ ಪಂಪ್‌ಸೆಟ್ಟಿನ ಕೋಣೆಯಲ್ಲಿತ್ತು. ಗಾಲಿಗೆ ಮೆತ್ತಿದ್ದ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಮಳೆ ಬಿದ್ದ ಎರಡು ದಿನ ಆ ಮಣ್ಣಿಗೆ ಮನುಷ್ಯರೇ ಇಳಿಯಲಾರರು, ಇನ್ನು ಯಂತ್ರವೆಲ್ಲಿ? ಕಳೆ ಬೆಳೆಯುವುದೋ ಆ ಎರಡು ದಿನದಲ್ಲೇ. ಕಂಪನಿ ಮುಚ್ಚಲು ಇದೂ ಒಂದು ಕಾರಣ.

ಡಬ್ಬಿ ಬಿಚ್ಚುತ್ತ ನಾನು, "ಈ ಸಲ ಕಳೆಗೆ ಏನು ಮಾಡಿದ್ರಿ ಗೌಡ್ರೆ?" ಎಂದೆ.

"ಏನ್ ಮಾಡೋದು, ಮದ್ದು ಹೊಡೆಸಿದೆ. ಆ ಬದುವಿನ ಕಡೆ ನೋಡ್ರಿ, ತೊಗರಿನೂ ಹಳದಿ ಆಗ್ಯಾದ."

"ಶರಣಮ್ಮನವರನ್ನು ಕರೆಯಲಿಲ್ವಾ?"

ಗೌಡರು ನನ್ನ ಕಡೆ ತಿರುಗಿದರು. "ಯುಗಾದಿ ಆದ ಮ್ಯಾಲ ಆಕಿ ಬಂದಿದ್ಲರಿ. ಈ ವರ್ಷ ಎಷ್ಟು ಮಂದಿ ಬೇಕು ಅಂತ ಕೇಳಲಿಕ್ಕ. ನೀವೇ ಹೇಳಿದ್ರಲ್ಲ, ಮುಂದಿನ ವರ್ಷ ಹತ್ತು ಮಿಷನ್ ತರ್ತೀವಿ ಅಂತ? ಅದಕ್ಕ ಬ್ಯಾಡ ಅಂದೆ. ನಾ ಬ್ಯಾಡ ಅಂದದ್ದು ಕೇಳಿ, ಆಕಿ ಗುಂಪು ಕರೀತಿದ್ದ ಉಳಿದ ನಾಲ್ಕು ಮಂದಿ ಹೊಲದವರೂ ಬ್ಯಾಡ ಅಂದ್ರು."

"ಕಂಪನಿ ಮುಚ್ಚಿದ್ದು ನಿಮಗೆ ಗೊತ್ತಾಗಲಿಲ್ವಾ?"

"ಯಾರು ಹೇಳಬೇಕಿತ್ತರಿ?"

ಕಂಪನಿ ಮುಚ್ಚಿದಾಗ ಎಲ್ಲರ ಫೋನ್ ನಂಬರೂ ನನ್ನ ಬಳಿ ಇತ್ತು. ಸುಹಾಸ್ ಹೇಳುತ್ತಾನೆ ಎಂದು ನಾನು ಸುಮ್ಮನಿದ್ದೆ. ನಾನು ಹೇಳುತ್ತೇನೆ ಎಂದು ಅವನು ಸುಮ್ಮನಿದ್ದನೋ ಏನೋ. ಐದು ಫೋನ್ ಕರೆ, ಅರ್ಧ ಗಂಟೆಯ ಮಾತು. ನಾನು ಮಾಡಲಿಲ್ಲ.

ಗೌಡರ ಮನೆಯಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಕೊಟ್ಟರು. ಆಮೇಲೆ ಅವರೇ ಮಳಖೇಡ ರೋಡ್ ಸ್ಟೇಷನ್ನಿಗೆ ಬಿಟ್ಟರು. ಮಳಖೇಡದ ಹತ್ತಿರ ಕಾಗಿಣಾ ಹೊಳೆ ಎರಡೂ ದಂಡೆ ತುಂಬಿ, ರಾಡಿ ನೀರು ಹೊತ್ತು ಹರಿಯುತ್ತಿತ್ತು. ಪ್ಯಾಸೆಂಜರ್ ಗಾಡಿ ಮುಕ್ಕಾಲು ಗಂಟೆ ತಡವಾಗಿ ಬಂತು. ಚಿತ್ತಾಪುರದಲ್ಲಿ ಇಳಿದು, ಚೀಲದಲ್ಲಿ ಎರಡು ಡಬ್ಬಿ ಹೊತ್ತು ಗುಂಡಗುರ್ತಿಯ ಬಸ್ಸು ಹಿಡಿದೆ. ಅಲ್ಲಿಂದ ಮುಂದಕ್ಕೆ ಶೇರ್ ಆಟೋ.

ಶರಣಮ್ಮನವರ ಮನೆಯಲ್ಲಿ ಸೊಸೆ ಭಾಗಮ್ಮ ಮಾತ್ರ ಇದ್ದಳು. ಅಂಗಳದ ಮೂಲೆಯಲ್ಲಿ ಏಡಿ ನಿಂತಿತ್ತು. ಅದರ ಮೇಲೆ ತೊಳೆದ ಸೀರೆಯೊಂದು ಒಣಗುತ್ತಿತ್ತು.

"ಅತ್ತಿ ಇಲ್ರಿ, ಶಹಾಬಾದಕ್ಕ ಹೋಗ್ಯಾರ" ಎಂದಳು ಭಾಗಮ್ಮ. "ಅಲ್ಲಿ ಕಲ್ಲಿನ ಪಾಲಿಶ್ ಕೆಲಸಕ್ಕ ಹತ್ಯಾರ. ವಾರಕ್ಕೊಮ್ಮೆ ಬರ್ತಾರ."

"ಗುಂಪಿನವರು?"

"ಗುಂಪು ಎಲ್ಲದರಿ? ಆರು ಮಂದಿ ಕೂಲಿಗೆ ಕರ್ಕೊಂಡು ಹೋಗೋ ಬ್ಯಾರೆ ಮುಕದ್ದಮನ ಜೊತಿ ಹೋಗ್ಯಾರ. ಇಬ್ಬರು ವಾಡಿಗೆ. ಉಳಿದವರು ಮನ್ಯಾಗ. ಅತ್ತಿ ಜೊತಿ ಯಾರೂ ಮಾತಾಡಂಗಿಲ್ಲ." ಗುಜರಿಯವನು ಎರಡು ಸಲ ಬಂದು ಯಂತ್ರ ಕೇಳಿದನಂತೆ. ಶರಣಮ್ಮ ಕೊಟ್ಟಿಲ್ಲ. "ಮೇಡಮ್ಮೋರು ಬಂದು ಒಯ್ತಾರ, ಅವರ ವಸ್ತು ಅಂದ್ರು."

ಡಬ್ಬಿ ಬಿಚ್ಚಿಕೊಂಡ ಮೇಲೆ ನಾನು ಅವರ ಹೊಲಕ್ಕೆ ಹೋಗಿ ಬರುತ್ತೇನೆಂದೆ. ಊರ ಹಿಂದಿನ ದಿಬ್ಬದ ಮೇಲೆ ಎರಡು ಎಕರೆ. ತೊಗರಿ ಮೊಳಕಾಲೆತ್ತರ ಬಂದಿತ್ತು, ನಡುವೆ ಬೇರೇನೂ ಇರಲಿಲ್ಲ.

ಹೋದ ವರ್ಷ ಇದೇ ದಿನಗಳಲ್ಲಿ ಇಪ್ಪತ್ತು ದಿನ ಶರಣಮ್ಮ ನನ್ನ ಜೊತೆ ಬೇರೆಯವರ ಹೊಲಗಳಲ್ಲಿ ಸಾಲು ಸಾಲು ನಡೆದಿದ್ದರು. ಕೈಯಲ್ಲಿ ಕಳೆ ಕೀಳುವ ಖುರ್ಪಿ, ತಲೆಯ ಮೇಲೆ ಸೆರಗು. ನಾನು ಲ್ಯಾಟಿನ್ ಹೆಸರು ಬರೆದುಕೊಳ್ಳುವಷ್ಟರಲ್ಲಿ ಅವರು, ಆ ಗಿಡ ಯಾವ ಮಳೆಗೆ ಹುಟ್ಟುತ್ತದೆ, ಯಾವುದನ್ನು ಎಳೆದರೆ ಬೇರು ನೆಲದಲ್ಲೇ ಉಳಿಯುತ್ತದೆ ಎಂದು ಹೇಳಿ ಮುಗಿಸುತ್ತಿದ್ದರು. ಒಂದು ದಿನ ಕಾಡುಬೆಂಡೆಯ ಸಸಿ ಎಂದು ನಾನು ಫೋಟೊ ತೆಗೆಯುತ್ತಿದ್ದದ್ದನ್ನು ತಡೆದರು. "ಅದು ಪುಂಡಿ, ತಂಗಿ. ಎಳೇದಿದ್ದಾಗ ಎರಡೂ ಒಂದೇ ಕಾಣ್ತಾವ. ಎಲಿ ಬಾಯಾಗ ಹಾಕ್ಕೊಂಡು ನೋಡು." ಅಗಿದೆ. ಹುಳಿ ಎಲೆ, ನಾವು ಪಲ್ಯ ಮಾಡುವ ಅದೇ ಪುಂಡಿ. ಕಾಡುಬೆಂಡೆ ಸಪ್ಪಗಿತ್ತು.

ಯಂತ್ರಕ್ಕೆ ನಾಲಿಗೆಯಿಲ್ಲ. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಕಲಿಸಿದರೆ ಅದು ಗಲಿಬಿಲಿಗೊಂಡು ಕಾಡುಬೆಂಡೆಯನ್ನೂ ಬಿಟ್ಟು ಮುಂದೆ ಹೋಗುತ್ತಿತ್ತು. ಪ್ರಯೋಗ ನೋಡಲು ಹಣ ಹೂಡುವವರು ಬರುವ ದಿನ ಗೊತ್ತಾಗಿತ್ತು. ಅವರಿಗೆ ತೋರಿಸುವ ಹೊಲದಲ್ಲಿ ಬರೀ ತೊಗರಿ ಇದ್ದದ್ದರಿಂದ, ಪುಂಡಿಯನ್ನೂ ಕಳೆಯ ಪಟ್ಟಿಗೆ ಸೇರಿಸಿಬಿಡೋಣ ಎಂದು ಸುಹಾಸನಿಗೆ ನಾನೇ ಹೇಳಿದೆ. ಪ್ರಯೋಗ ಮುಗಿದ ಮೇಲೆ ಸರಿಪಡಿಸಿದರಾಯಿತು ಎಂದುಕೊಂಡೆ. ಫೋಟೊಗಳ ಮೇಲಿನ ಹೆಸರು ಬದಲಿಸಿದ್ದೂ ನಾನೇ.

ಹಣ ಹೂಡುವವರು ಬರುವ ಹಿಂದಿನ ದಿನ ಜೋರು ಮಳೆಯಾಗಿ ಆ ಹೊಲದಲ್ಲಿ ನೀರು ನಿಂತಿತು. ಬೇರೆ ಯಾರೂ ಹೊಲ ಕೊಡಲು ಒಪ್ಪಲಿಲ್ಲ. ಆಗ ಶರಣಮ್ಮ, "ನಮ್ಮದು ದಿಬ್ಬದ ಮ್ಯಾಲ ಅದ, ನೀರು ನಿಂದ್ರಂಗಿಲ್ಲ. ಅಲ್ಲೇ ಓಡಸ್ರಿ" ಎಂದರು. ಬೆಳಿಗ್ಗೆ ಹೊಲಕ್ಕೆ ಕಾಲಿಟ್ಟ ಕೂಡಲೇ ಕಂಡಿತು. ಪ್ರತಿ ಎಂಟು ಸಾಲು ತೊಗರಿಗೆ ಒಂದು ಸಾಲು ಪುಂಡಿ. ಗೇಣುದ್ದ ಬಂದಿತ್ತು, ತಿಂಗಳು ಬಿಟ್ಟರೆ ಎಲೆ ಕೊಯ್ಯಬಹುದು. ಅವರ ಮನೆಗೂ ಗುಂಪಿನ ಹೆಂಗಸರಿಗೂ ವರ್ಷವಿಡೀ ಪುಂಡಿಪಲ್ಯ ಬರುತ್ತಿದ್ದದ್ದು ಆ ಸಾಲುಗಳಿಂದ. ಉಳಿದದ್ದನ್ನು ಚಿತ್ತಾಪುರದ ಸಂತೆಗೆ ಒಯ್ಯುತ್ತಿದ್ದರು, ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ನಾನು ಬಾಯಿ ತೆರೆಯಬೇಕಿತ್ತು. ಅತಿಥಿಗಳ ಕಾರು ಬದುವಿನ ತನಕ ಬಂದಾಗಿತ್ತು. ಸುಹಾಸ್ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಯಂತ್ರದ ಗುಂಡಿ ಒತ್ತಿದೆ.

ಏಡಿ ನಾವು ಕಲಿಸಿದಂತೆಯೇ ಮಾಡಿತು. ತೊಗರಿಯ ಒಂದು ಎಲೆಯನ್ನೂ ಮುಟ್ಟಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಹದಿನಾಲ್ಕು ಹೆಂಗಸರು ಬದುವಿನ ಮೇಲೆ ನಿಂತು ಬಾಡುತ್ತಿದ್ದ ಪುಂಡಿಯನ್ನು ನೋಡುತ್ತಿದ್ದರು. ನಾನು, "ಯಂತ್ರದ ಕಣ್ಣು ತಪ್ಪಿತು ಅಕ್ಕಾ" ಎಂದೆ. ಶರಣಮ್ಮ ತಮ್ಮ ಹೆಂಗಸರ ಕಡೆ ತಿರುಗಿ, "ಕೂಸು ಇದ್ದಂಗ ಅದು. ತಪ್ಪಿ ತಪ್ಪಿನೇ ಕಲೀತದ" ಎಂದು ನಮ್ಮ ಪರವಾಗಿಯೇ ಮಾತಾಡಿದರು.

ಹೊಲದಿಂದ ಇಳಿದು ಬಂದು ಭಾಗಮ್ಮನಿಗೆ ಹೇಳಿ ಹೊರಟೆ. ಆ ರಾತ್ರಿ ಚಿತ್ತಾಪುರದಲ್ಲಿ ಉಳಿದು, ಮೂರನೆಯ ದಿನ ವಾಡಿಗೆ ಬಂದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ವಾಡಿಯ ಮನೆಗಳ ತಗಡು, ಗೋಡೆ, ಬೇವಿನ ಮರ, ಎಲ್ಲದರ ಮೇಲೂ ತೆಳುವಾಗಿ ಸಿಮೆಂಟು ಕಾರ್ಖಾನೆಯ ಬೂದಿ. ಸ್ಟೇಷನ್ ರಸ್ತೆಯ ಖಾನಾವಳಿಯಲ್ಲಿ ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬಡಿಸಿದರು. ಊಟ ಎಪ್ಪತ್ತು ರೂಪಾಯಿ. "ಪಲ್ಲೆ ಯಾಕ ಬಿಟ್ರಿ? ಕಾರ ಆಗ್ಯಾದೇನು?" ಎಂದು ಬಡಿಸುವಾಕೆ ಕೇಳಿದಳು. ಇಲ್ಲವೆಂದು ತಿಂದು ಎದ್ದೆ. ಏನು ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಪ್ಲಾಟ್‌ಫಾರ್ಮಿನಲ್ಲಿ ಕೂತು ಯೋಚಿಸಿದೆ. ಯೋಚಿಸಿದ್ದರಲ್ಲಿ ಒಂದೂ ಸರಿ ಅನಿಸಲಿಲ್ಲ.

ಶಹಾಬಾದ ವಾಡಿಯಿಂದ ಗಾಡಿಯಲ್ಲಿ ಸ್ವಲ್ಪವೇ ದೂರ. ಇಳಿದರೆ ಎಲ್ಲೆಲ್ಲೂ ಪರಸಿ ಕಲ್ಲು. ಮನೆಯ ಗೋಡೆ ಅದರದೇ, ಚಾವಣಿ ಅದರದೇ, ಚರಂಡಿಯ ಮುಚ್ಚಳವೂ ಅದೇ. ಭಾಗಮ್ಮ ಹೇಳಿದ್ದ ಪಾಲಿಶ್ ಅಂಗಳವನ್ನು ಇಬ್ಬರನ್ನು ಕೇಳಿ ಹುಡುಕಿದೆ. ಮಧ್ಯಾಹ್ನದ ಬಿಡುವು. ತಗಡಿನ ನೆರಳಲ್ಲಿ ಐದಾರು ಹೆಂಗಸರು ಊಟ ಮಾಡಿ ಕೂತಿದ್ದರು. ಮೊಳಕಾಲಿನವರೆಗೂ ಕಲ್ಲಿನ ರಾಡಿ ಮೆತ್ತಿಕೊಂಡಿದ್ದ ಶರಣಮ್ಮ ನನ್ನನ್ನು ಕಂಡು ಎದ್ದು ಬಂದರು. ತೆಳ್ಳಗಾಗಿದ್ದರು.

"ಬಾ ತಂಗಿ. ಭಾಗಮ್ಮ ಫೋನ್ ಮಾಡಿದ್ಲು. ಇಲ್ಲೇ ಕುಂದ್ರು" ಎಂದು ಕಲ್ಲಿನ ಚಪ್ಪಡಿಯೊಂದನ್ನು ಸೆರಗಿನಿಂದ ಒರೆಸಿದರು.

"ಕೆಲಸ ಹ್ಯಾಂಗದ ಅಕ್ಕಾ?"

"ಅಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಇಲ್ಲಿ ನೀರಾಗ ನಿಂತು ನಿಂತು ಕಾಲು ಹೋಗಾಕತ್ತಾವ." ನಕ್ಕರು. ಆಮೇಲೆ, ಪಕ್ಕದ ಮನೆಯ ಮಗುವಿನ ಸುದ್ದಿ ಕೇಳುವವರ ಹಾಗೆ, "ಏಡಿ ಈಗರೆ ಕಲ್ತದೇನು? ಪುಂಡಿ ಗುರ್ತು ಹಿಡೀತದೇನು?" ಎಂದರು.

ಯೋಚಿಸಿಕೊಂಡು ಬಂದ ಮಾತೆಲ್ಲ ಬಿಟ್ಟುಹೋಯಿತು. "ಅಕ್ಕಾ, ತಪ್ಪು ಅದರದಲ್ಲ" ಎಂದೆ. "ಪುಂಡಿ ಕಳೆ ಅಂತ ಬರೆದು ಕೊಟ್ಟವಳು ನಾನೇ. ಆವತ್ತು ಮುಂಜಾನೆ ನಿಮ್ಮ ಹೊಲದಲ್ಲಿ ಪುಂಡಿ ಸಾಲು ನೋಡಿದ ಕೂಡಲೇ ಏನಾಗ್ತದೆ ಅಂತ ನನಗೆ ಗೊತ್ತಿತ್ತು. ಬಂದವರ ಮುಂದೆ ಹೇಳಲಿಲ್ಲ. ಆಮೇಲೆ ನಿಮಗೂ ಸುಳ್ಳು ಹೇಳಿದೆ."

ಶರಣಮ್ಮ ಕಾಲಿನ ಮೇಲೆ ಒಣಗಿದ ರಾಡಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

"ಒಂದು ಮಾತು ಅಂದಿದ್ರ ಪುಂಡಿ ಕಿತ್ತು ದಾರಿ ಬಿಡ್ತಿದ್ವಲ್ಲ" ಎಂದರು ಕೊನೆಗೆ. "ಹದಿನಾಲ್ಕು ಮಂದಿ ಇದ್ವಿ. ಒಂದು ತಾಸಿನ ಕೆಲಸ. ಎಳೀ ಎಲಿ, ಎಲ್ಲಾರ ಮನ್ಯಾಗೂ ಪಲ್ಲೆ ಆಗ್ತಿತ್ತು. ನಿಮ್ಮ ಮಿಷನ್‌ದ ಮಾನನೂ ಉಳೀತಿತ್ತು."

ನನಗೆ ಆ ಯೋಚನೆ ಒಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಅವತ್ತ ನಮ್ಮ ಹೆಣ್ಮಕ್ಕಳು ಅಂದ್ರು, ಮಿಷನ್ ಅಲ್ಲ, ಮಂದಿ ಸುಳ್ಳು ಹೇಳಾಕತ್ತಾರ ಅಂತ. ನಾ ಅವರ ಬಾಯಿ ಮುಚ್ಚಿಸಿದೆ. ಆಕಿ ನನ್ನ ತಂಗಿ ಇದ್ದಂಗ, ಹಂಗ ಅನಬ್ಯಾಡ್ರಿ ಅಂದೆ. ಮುಂದ ಗೌಡ್ರು ಬ್ಯಾಡ ಅಂದಾಗ ಎಲ್ಲಾರೂ ನನ್ನ ಕಡೆ ಬೆರಳು ಮಾಡಿದ್ರು. ಮಿಷನ್‌ಗ ಹೊಲ ಕೊಟ್ಟಾಕಿ ನೀನೇ ಅಂತ. ಆಗೂ ನಾ ನಿನ್ನ ಹೆಸರು ತಗೀಲಿಲ್ಲ."

"ನಾನು ಊರಿಗೆ ಬಂದು ಅವರೆಲ್ಲರ ಮುಂದೆ ಹೇಳ್ತೀನಿ ಅಕ್ಕಾ."

"ಬ್ಯಾಡ. ಅವರಿಗೆ ಗೊತ್ತೇ ಅದ. ಗೊತ್ತಿಲ್ಲದಾಕಿ ನಾ ಒಬ್ಬಾಕಿನೇ ಇದ್ದೆ."

ಪಾಲಿಶ್ ಯಂತ್ರ ಮತ್ತೆ ಗರ್ ಎಂದು ಶುರುವಾಯಿತು. ಉಳಿದ ಹೆಂಗಸರು ಎದ್ದು ಹೋದರು. ನಾನು ಖಾಜಾಸಾಬರು ಕೊಟ್ಟ ಬೇಳೆಯ ಗಂಟನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಎತ್ತಿ ನನ್ನ ಚೀಲಕ್ಕೇ ಹಾಕಿ, "ಉಂಡೀಯೇನು?" ಎಂದು ಕೇಳಿದರು. ಉಂಡಿದ್ದೇನೆ ಎಂದೆ. ಹೋಗಲು ತಿರುಗಿದವರು ನಿಂತು, ಯಂತ್ರದ ಸದ್ದಿನ ಮೇಲೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು:

"ಈ ಕಡಿ ಬಂದ್ರ ಮನಿಗೆ ಬಾ. ಇದ್ದದ್ದು ಉಂಡು ಹೋಗು. ಹೊಲಕ್ಕ ಮಾತ್ರ ಬರಬ್ಯಾಡ."

ಸ್ಟೇಷನ್ನಿಗೆ ಬಂದು ಮಲ್ಲಣಗೌಡರಿಗೆ ಫೋನ್ ಮಾಡಿದೆ. ಶರಣಮ್ಮನವರದು ಏನೂ ತಪ್ಪಿಲ್ಲ, ತಪ್ಪೆಲ್ಲ ನಮ್ಮದು, ಅವರ ಗುಂಪನ್ನು ಮತ್ತೆ ಕರೆಯಿರಿ ಎಂದೆ. ಗೌಡರು ಪೂರ್ತಿ ಕೇಳಿಸಿಕೊಂಡರು. "ಈ ಸಲದ್ದು ಮುಗೀತಲ್ಲರಿ. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಗುಂಪು ಇದ್ರ ಕರೀತೀನಿ" ಎಂದರು. ಉಳಿದ ನಾಲ್ವರಿಗೂ ಮಾಡಿದೆ. ಇಬ್ಬರು ಎತ್ತಿದರು.

ಕಲಬುರಗಿಯ ಗಾಡಿ ನಾಲ್ಕೂಕಾಲಿಗೆ ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟುವವರೆಗೂ ಹಳಿಯ ಬದಿಗೆ ಕಲ್ಲಿನ ಅಟ್ಟಿಗಳು, ತಗಡಿನ ಚಪ್ಪರಗಳು, ನೀರಲ್ಲಿ ನಿಂತ ಹೆಂಗಸರು. ಆಮೇಲೆ ತೊಗರಿ ಹೊಲಗಳು ಶುರುವಾದವು. ಒಂದು ಹೊಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಕಳೆ ತೆಗೆಯುತ್ತ ಮುಂದೆ ಸರಿಯುತ್ತಿದ್ದರು. ಮುಂದಾಳು ಸಾಲಿನ ತುದಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಗಾಡಿಯ ಕಡೆ ನೋಡಿದಳು. ಗಾಡಿ ದಾಟಿ ಹೋಗುವಷ್ಟರಲ್ಲಿ ಅವಳೂ ಬಗ್ಗಿದಳು.